ನೀರುಗಂಟಿಗೆ ಬಿದ್ದ ಪೆಟ್ಟು

ಧನಗೆರೆಯ ಆ ಮನೆಯಲ್ಲಿ ನನ್ನ ಕೆಲಸ ಶುರುವಾದದ್ದೇ ಜಗಳದಿಂದ. ಯಜಮಾನರಿಗೆ ಹಾಕಿದ್ದ ಉಚ್ಚೆಯ ಟ್ಯೂಬನ್ನು, ಬಹಳ ದಿನ ಬಿಟ್ಟರೆ ಸೋಂಕಾಗುತ್ತದೆಂದು, ತೆಗೆಯಲು ನಾನು ಹೋಗಿದ್ದೆ. ತೆಗೆಯಕೂಡದು ಎಂದು ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದರು.

"ಇರ್ಲಿ ಬುಡಿ ಸಿಸ್ಟ್ರೇ. ಚೀಲ ತುಂಬ್ತದ, ನಾವು ಸುರೀತೀವಿ. ಅದ್ರ ಪಾಡ್ಗ ಅದು ಅದ. ಕಿತ್ತಾಕುದ್ರ ಆಸ್ಗ, ಪಂಚೆ, ಕಂಬ್ಳಿ ಎಲ್ಲಾವ ದಿನಾ ಒಗ್ಯೋರು ಯಾರು?"

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಗೆಯಬೇಕಾದವರು ಅವರೇ. ನಾನು ಸ್ಕೂಟರ್ ಹತ್ತಿ ಹೊರಟುಹೋಗುವವಳು.

ಕೊಳ್ಳೇಗಾಲದ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ನರ್ಸು. ಆಸ್ಪತ್ರೆಯೊಳಗೆ ನನಗೆ ಕೆಲಸ ಕಡಿಮೆ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವುದು ನನ್ನ ಪಾಲಿನದು. ಒಂದು ದಿನ ಹನೂರಿನ ಕಡೆ, ಒಂದು ದಿನ ಯಳಂದೂರಿನ ಕಡೆ, ಉಳಿದ ದಿನ ಕೊಳ್ಳೇಗಾಲದ ಸುತ್ತಮುತ್ತ. ಬೆನ್ನಿನ ಹುಣ್ಣು ತೊಳೆಯುತ್ತೇನೆ, ಮೂಗಿನ ಟ್ಯೂಬು ಬದಲಿಸುತ್ತೇನೆ. ಆದರೆ ಹೆಚ್ಚು ಕರೆ ಬರುವುದು ಉಚ್ಚೆಯ ವಿಷಯಕ್ಕೇ. ಮಧುವನಹಳ್ಳಿಯಲ್ಲಿ ಒಬ್ಬ ಅಜ್ಜ ತಮಾಷೆಗೆ ಇಟ್ಟ "ಉಚ್ಚೆ ಸಿಸ್ಟ್ರು" ಎಂಬ ಹೆಸರು ನನ್ನ ಸ್ಕೂಟರಿಗಿಂತ ಮುಂಚೆ ಊರೂರು ತಲುಪಿಬಿಟ್ಟಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಮೊದಲು ಕೇಳಿದರೆ ಉರಿಯುತ್ತಿತ್ತು. ಈಗ ಫೋನಿನಲ್ಲಿ ನಾನೇ ಹಾಗೆ ಹೇಳಿಕೊಳ್ಳುತ್ತೇನೆ. ಬೇರೆ ಹೆಸರು ಹೇಳಿದರೆ ಯಾರಿಗೂ ಗುರುತು ಸಿಗುವುದಿಲ್ಲ.

ಯಜಮಾನರು ಕಬ್ಬು ಬೆಳೆಯುವವರು. ಕುಂತೂರಿನ ಕಾರ್ಖಾನೆಗೆ ಕಬ್ಬು ಹೇರಿ, ಲೋಡಿನ ಮೇಲೆ ನಿಂತು ಹಗ್ಗ ಬಿಗಿಯುವಾಗ ಹಗ್ಗ ಹರಿದು ಟ್ರೇಲರಿನ ಹಿಂದಕ್ಕೆ ಬಿದ್ದಿದ್ದರು. ಪೆಟ್ಟು ಬಿದ್ದದ್ದು ಹಿಂದಲೆಗೆ. ಆದರೆ ಒಳಗೆ ಮಿದುಳು ಮುಂದಕ್ಕೆ ಅಪ್ಪಳಿಸಿ ಹಣೆಯ ಭಾಗ ಜಜ್ಜಿಹೋಗಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಕೈಕಾಲು ಉಳಿದವು, ಮಾತೂ ಉಳಿಯಿತು. ಹೋದದ್ದು ಬೇರೆ. ತಾನಾಗಿ ಯಾವುದನ್ನೂ ಶುರುಮಾಡುತ್ತಿರಲಿಲ್ಲ. ಎದ್ದೇಳಿ ಎಂದರೆ ಏಳುವರು, ಕೂತ್ಕೊಳ್ಳಿ ಎಂದರೆ ಕೂರುವರು. ಹೇಳುವವರಿಲ್ಲದಿದ್ದರೆ ಕೂತಲ್ಲೇ ಹೊತ್ತು ಮುಳುಗುತ್ತಿತ್ತು. ಬೆಳಿಗ್ಗೆ ಹೇಳಿಕೊಟ್ಟದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ.

ಅಂಥವರು ಆ ದಿನ ಮಂಚದ ಮೇಲಿಂದ, ಯಾರೂ ಕೇಳದೆಯೇ, ಒಂದು ಮಾತು ಹೇಳಿದರು.

"ತೆಗೀರಿ. ಇದು ಬ್ಯಾಡ."

ಹೆಂಡತಿ ಬಾಗಿಲು ಬಿಟ್ಟರು. ಅಪಘಾತದ ಮೇಲೆ ಅವರು ಬೇಡ ಎಂದ ಮೊದಲ ವಸ್ತು ಅದಂತೆ. ಯಾಕೆ ಬೇಡ ಎಂದು ಆ ದಿನ ನಾನು ಕೇಳಲಿಲ್ಲ. ಯಾರಿಗೆ ತಾನೇ ಅದು ಬೇಕಿರುತ್ತದೆ ಎಂದುಕೊಂಡೆ.

ಟ್ಯೂಬು ತೆಗೆಯುವುದು ಸುಲಭ. ಒಳಗೆ ಅದನ್ನು ಹಿಡಿದಿಡುವ ಪುಟ್ಟ ಬಲೂನಿನ ನೀರನ್ನು ಸಿರಿಂಜಿನಲ್ಲಿ ಎಳೆದುಕೊಂಡರೆ ಮೆಲ್ಲಗೆ ಜಾರಿ ಬರುತ್ತದೆ. ಕಷ್ಟ ಇರುವುದು ಆಮೇಲೆ ಕಾಯುವುದರಲ್ಲಿ. ಬಹಳ ದಿನ ಟ್ಯೂಬಿದ್ದ ಮೂತ್ರಕೋಶಕ್ಕೆ ಕೆಲಸ ಮರೆತಿರುತ್ತದೆ. ಒಂದಕ್ಕೆ ಆಗದೆ ಹೊಟ್ಟೆ ಉಬ್ಬಿದರೆ ಮತ್ತೆ ಹಾಕಲೇಬೇಕು. ನಾನು ಜಗಲಿಯಲ್ಲಿ ಕೂತೆ. ಅವರ ತಾಯಿ, ಬೆನ್ನು ಬಾಗಿದ ಮುದುಕಿ, ಎಳನೀರು ಕೆತ್ತಿಸಿ ಮಗನಿಗೊಂದು ನನಗೊಂದು ಕೊಟ್ಟರು. ಆಗಾಗ ಹೊಕ್ಕುಳ ಕೆಳಗೆ ಒತ್ತಿ ನೋಡುತ್ತಿದ್ದೆ. ಬಿಸಿಲು ಜಗಲಿ ದಾಟುವ ಹೊತ್ತಿಗೆ ಒಂದಕ್ಕೆ ಆಯಿತು. ತೆಳು ಟ್ಯೂಬು ಹಾಕಿ ಒಳಗೆ ಎಷ್ಟು ಉಳಿದಿದೆ ಎಂದು ಅಳೆದೆ. ಉಳಿದದ್ದು ಅಷ್ಟಕ್ಕಷ್ಟೆ. ಮೂತ್ರಕೋಶ ಖಾಲಿಯಾಗುತ್ತಿತ್ತು. ಗೆದ್ದೆ ಎಂದುಕೊಂಡು ಮನೆಗೆ ಹೋದೆ.

ಎರಡು ದಿನ ಬಿಟ್ಟು ಹೋದರೆ ಹಿತ್ತಲಿನ ತಂತಿಯ ತುಂಬ ಪಂಚೆ. ಹೆಂಡತಿ ನನ್ನನ್ನು ನೋಡಿ ತಂತಿಯ ಕಡೆ ಕೈ ತೋರಿಸಿದರು.

ಈ ಸ್ಥಿತಿಯನ್ನು ಮನೆಯವರಿಗೆ ತಿಳಿಹೇಳುವುದಕ್ಕೆ ನಮ್ಮ ಕಡೆ ಒಳ್ಳೆಯ ದಾರಿಯೊಂದಿದೆ. ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವ ನೀರುಗಂಟಿಯನ್ನು ಎಲ್ಲರೂ ಬಲ್ಲರು. ನಾನು ಹೇಳಿದೆ: "ನೋಡಿ, ಕೆರೆ ಸರಿಯಾಗಿದೆ, ತೂಬೂ ಸರಿಯಾಗಿದೆ. ಪೆಟ್ಟು ಬಿದ್ದಿರೋದು ನೀರುಗಂಟಿಗೆ. ಸ್ವಲ್ಪ ತಡಿ, ಈಗ ಬೇಡ, ಆಮೇಲೆ ಬಿಡು ಅಂತ ಹೇಳೋನು ಹಣೆಯೊಳಗೆ ಕೂತಿರ್ತಾನೆ. ಅವನು ಮಂಕಾಗಿದ್ದಾನೆ. ಅದಕ್ಕೇ ಕೆರೆ ಅರ್ಧ ತುಂಬೋದ್ರೊಳಗೆ ತೂಬು ತಂತಾನೇ ತೆರೆದುಕೊಳ್ತದೆ."

ತಾಯಿ ತಲೆಯಾಡಿಸಿದರು. "ಅಂಗಾರ ಒಸಿ ದಿನ ನಾವೇ ನೀರುಗಂಟಿ ಆಗ್ಬೇಕು ಅನ್ನಿ."

ಅದೇ ಚಿಕಿತ್ಸೆ. ಒತ್ತರ, ಅಂದರೆ ತಡೆಯಲಾಗದ ಅವಸರ, ಬರುವವರೆಗೆ ಕಾಯದೆ ಎರಡೆರಡು ಗಂಟೆಗೆ ಕರೆದುಕೊಂಡು ಹೋಗುವುದು. ಬಂದಿದೆಯಾ ಎಂದು ಕೇಳುವ ಹಾಗಿಲ್ಲ, ಕೇಳಿದರೆ ಅವರು ಇಲ್ಲ ಎಂದೇ ಅನ್ನುವುದು. "ಏಳಿ, ಒಂದಕ್ಕೆ ಹೋಗೋಣ" ಎನ್ನಬೇಕು. ಹಿತ್ತಲಿನ ಶೌಚಾಲಯಕ್ಕೆ ಹೋಗುವ ದಾರಿಯ ಕಲ್ಲುಗಳನ್ನು ಎತ್ತಿಸಿದೆ. ಬಾಗಿಲಿನ ಬಿಗಿಯಾದ ಅಗುಳಿ ತೆಗೆಸಿ ಸುಲಭದ ಕೊಂಡಿ ಹಾಕಿಸಿದೆ. ಹೆಂಡತಿ ಫೋನಿನಲ್ಲಿ ಅಲಾರಾಂ ಇಟ್ಟುಕೊಂಡರು. ಅದು ಹೊಡೆದ ಕೂಡಲೇ ಗಂಡನ ತೋಳು ಹಿಡಿಯುತ್ತಿದ್ದರು. ಹಗಲು ಹೊತ್ತಿನ ಪಂಚೆಗಳು ತಂತಿಯ ಮೇಲೆ ಕಡಿಮೆಯಾದವು.

ಸರಾಗವಾಗಿ ಏನೂ ಸಾಗಲಿಲ್ಲ. ನೀರು ಕುಡಿಸಿದರೆ ತಾನೇ ಉಚ್ಚೆ ಎಂದು ಮನೆಯವರು ನೀರನ್ನೇ ಕಡಿಮೆ ಮಾಡಿದರು. ಉಚ್ಚೆ ಮಂದವಾಗಿ, ಉರಿಯಾಗಿ, ಚಳಿಜ್ವರ ಬಂತು. ಆ ದಿನ ನಾನು ಕೂಗಾಡಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಜ್ವರ ಇಳಿದ ಮೇಲೆ ನಮ್ಮ ಡಾಕ್ಟರು ಮೂತ್ರಕೋಶವನ್ನು ಸಮಾಧಾನ ಮಾಡುವ ಮಾತ್ರೆ ಬರೆದರು. ಅದು ಕೆಲವರಿಗೆ ಒಳ್ಳೆಯದು ಮಾಡುತ್ತದೆ. ಇವರಿಗೆ ಬಾಯಿ ಒಣಗಿ, ಎರಡಕ್ಕೆ ಕಟ್ಟಿ, ಮೊದಲೇ ಮಬ್ಬಾಗಿದ್ದ ಬುದ್ಧಿ ಇನ್ನೂ ಮಬ್ಬಾಯಿತು. ಒಂದು ಮಧ್ಯಾಹ್ನ ಸ್ವಂತ ತಾಯಿಯನ್ನೇ "ಯಾರ್ ನೀವು" ಎಂದರಂತೆ. ಆ ಮಾತ್ರೆ ನಿಲ್ಲಿಸಿದೆವು. ಮಿದುಳಿಗೆ ಪೆಟ್ಟಾದವರಲ್ಲಿ ಆ ಜಾತಿಯ ಮಾತ್ರೆ ಹೀಗೂ ಮಾಡುತ್ತದೆ.

ಅಷ್ಟಾದರೂ ಹಗಲೆಲ್ಲ ಒಣಗಿರುವ ಮನುಷ್ಯ ಬೆಳಿಗ್ಗೆ ಮಾತ್ರ ಸೋಲುತ್ತಿದ್ದರು. ಎದ್ದ ಕೂಡಲೇ ಹೆಂಡತಿ ಒಂದಕ್ಕೆ ಕರೆದೊಯ್ಯುತ್ತಿದ್ದರು, ಸರಿಯಾಗಿಯೇ ಆಗುತ್ತಿತ್ತು. ಆದರೂ ನಾನು ಹತ್ತು ಗಂಟೆ ಸುಮಾರಿಗೆ ಹೋದರೆ ತಂತಿಯ ಮೇಲೆ ಎರಡೋ ಮೂರೋ ಒದ್ದೆ ಪಂಚೆ ನೇತಾಡುತ್ತಿರುತ್ತಿದ್ದವು. ಕೇಳಿದರೆ ಹೆಂಡತಿ, "ಬೆಳಿಗ್ಗೆ ಒಸಿ ಅಂಗೇ" ಎಂದು ಮುಖ ತಿರುಗಿಸುತ್ತಿದ್ದರು. ಕಾಫಿ ಕೊಡ್ತೀರಾ ಎಂದೆ, ಇಲ್ಲ ಎಂದರು. ಮಲ ಗಟ್ಟಿಯೇ ಎಂದೆ, ಇಲ್ಲ ಎಂದರು. ನನಗೆ ತಲೆ ಕೆಟ್ಟುಹೋಯಿತು. ಜೊತೆಗೆ ಮನುಷ್ಯ ಸೊರಗುತ್ತಿದ್ದರು. ಭುಜದ ಮೂಳೆ ಎದ್ದು ಕಾಣುತ್ತಿತ್ತು.

ಉತ್ತರ ಸಿಕ್ಕಿದ್ದು ಒಂದು ಕೆಟ್ಟ ಬೆಳಿಗ್ಗೆ. ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಾಗಲೇ ಒಳಗಿನಿಂದ ಕೂಗು ಕೇಳಿತು. ಓಡಿದೆ. ಯಜಮಾನರು ನಡುಮನೆಯಲ್ಲಿ ಬಿದ್ದು ಕೈಕಾಲು ಸೆಡೆದು ಅದುರುತ್ತಿದ್ದರು. ಹೆಂಡತಿ ಬೀಗದ ಕೈ ತಂದು ಅಂಗೈಗೆ ತುರುಕುತ್ತಿದ್ದರು. ಅವರನ್ನು ಪಕ್ಕಕ್ಕೆ ಸರಿಸಿ, ಯಜಮಾನರನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ನನ್ನ ದುಪಟ್ಟಾ ಮಡಚಿಟ್ಟು ಹಿಡಿದು ಕೂತೆ. ಫಿಟ್ಸು ನಿಂತಿತು. ಉಸಿರು ಸರಿಹೋಯಿತು. ಆಗ ಎದ್ದು ಮಾತ್ರೆಯ ಡಬ್ಬಿ ನೋಡಿದೆ. ರಾತ್ರಿಯ ಫಿಟ್ಸ್ ಮಾತ್ರೆಗಳು ಖಾಲಿಯಾಗಿದ್ದವು. ಬೆಳಗಿನವು ಹಾಳೆಯಲ್ಲಿ ಸಾಲಾಗಿ ಹಾಗೇ ಕೂತಿದ್ದವು.

ನಾನು ಏನೇನು ಅಂದೆನೋ. ಮಾತ್ರೆ ಕೊಡದೆ ಕೊಲ್ಲುತ್ತೀರಾ ಎಂದಂತೂ ಅಂದೆ. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಉತ್ತರ ಕೊಟ್ಟದ್ದು ತಾಯಿ.

"ಪೂಜೆ ಆಗ್ದೆ ಎಂಗ್ ಬಾಯ್ಗ ಆಕಾನು ತಾಯಿ? ಒಂದು ತೊಟ್ಟು ನೀರೂ ಇಳ್ಸಲ್ಲ. ನಾವೇನ್ ಕೊಡ್ದೇ ಇದ್ದವ?"

ಆಮೇಲೆ ಒಂದೊಂದೇ ಹೊರಬಂತು. ಅವರು ಲಿಂಗ ಕಟ್ಟುವ ಮನೆಯವರು. ಬೆಳಿಗ್ಗೆ ಮಿಂದು, ವಿಭೂತಿ ಇಟ್ಟು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಯಜಮಾನರು ಬುದ್ಧಿ ಬಂದಾಗಿನಿಂದ ಏನನ್ನೂ ತಿಂದವರಲ್ಲ. ಆಸ್ಪತ್ರೆಯಲ್ಲಿ ಮೈಮೇಲೆ ಪ್ರಜ್ಞೆ ಇರಲಿಲ್ಲ, ನಡೆಯಿತು. ಊರಿಗೆ ಬಂದು ಬುದ್ಧಿ ತಿಳಿಯಾಗುತ್ತಿದ್ದಂತೆ ಮೊದಲು ಮರಳಿದ್ದು ಆ ನೇಮ. ಟ್ಯೂಬು ಬೇಡ ಎಂದದ್ದೂ ಅದಕ್ಕೇ. ಉಚ್ಚೆಯ ಚೀಲ ನೇತುಹಾಕಿಕೊಂಡು ಪೂಜೆಗೆ ಹೇಗೆ ಕೂರುವುದು? ಟ್ಯೂಬು ಹೋದ ಮೇಲೆ ಕೂತರು. ಲಿಂಗದ ಮೇಲೆ ನೀರು ಬಿಡುತ್ತಿದ್ದಂತೆ ಪಂಚೆ ಒದ್ದೆಯಾಯಿತು. ಎದ್ದು ಮತ್ತೆ ಮಿಂದು ಕೂತರು. ಮತ್ತೆ ಅದೇ. ದಿನಾ ಎರಡು ಸಲ, ಮೂರು ಸಲ ಸ್ನಾನ. ಕೊನೆಗೆ ಮಧ್ಯಾಹ್ನ ಮುದುಕಿ ಅತ್ತು ಕರೆದಾಗ ಒಂದಿಷ್ಟು ಉಣ್ಣುತ್ತಿದ್ದರು. ಬೆಳಗಿನ ಮಾತ್ರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಮರೆತುಹೋಗಿರುತ್ತಿತ್ತು.

"ಮೊನ್ನೆಯಿಂದ ಲಿಂಗ್ವ ಕೊಳ್ಳಿಂದ ತೆಗ್ದು ಗೂಡ್ಗ ಇಟ್ಬುಟ್ಟವ್ರೆ ಸಿಸ್ಟ್ರೇ," ಎಂದರು ಹೆಂಡತಿ. "ಕೇಳುದ್ರ, ಅದು ನನ್ನ ಒಪ್ಕತಾ ಇಲ್ಲ ಅಂತಾರ. ಲಿಂಗ ಇಲ್ದೆ ಉಣ್ಣೂದು ಎಂಗ ಅಂತ ಈಗ ಮದ್ಯಾನ್ದ ಊಟಕ್ಕೂ ಬಾಯಿ ತೆರೀತಾ ಇಲ್ಲ. ರಾತ್ರಿ ಅತ್ತೆ ಅತ್ತು ಕರುದ್ರ ಒಂದ್ ತುತ್ತು, ಮಾತ್ರೆ, ಅಷ್ಟೇ."

ನಾನು ಹನೂರಿನಾಚೆಯವಳು, ಅರ್ಧ ತಮಿಳು ಮಾತಾಡುವ ಮನೆಯವಳು. ನಮ್ಮಲ್ಲಿ ಲಿಂಗ ಕಟ್ಟುವವರಿಲ್ಲ. ಮೂತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ನನಗೆ ಕಲಿಸಿದವರು ಯಾರೂ ಪೂಜೆಯ ಬಗ್ಗೆ ಕೇಳು ಎಂದಿರಲಿಲ್ಲ. ಮನೆಯವರಿಗೂ ಅದನ್ನು ನರ್ಸಿಗೆ ಹೇಳಬೇಕೆಂದು ತೋಚಿರಲಿಲ್ಲ. ಅದು ಅವರಿಗೆ ಕಾಯಿಲೆಯ ಮಾತಲ್ಲ, ಶಿವನಿಗೂ ಅವರಿಗೂ ನಡುವಿನ ಮಾತು.

ಜಗಲಿಗೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆಯನ್ನೆಲ್ಲ ರಾತ್ರಿಗೇ ತಳ್ಳಲು ಆಗುತ್ತದೆಯೇ ಎಂದೆ. ಈ ಮಾತ್ರೆ ಎರಡು ಹೊತ್ತೂ ಬೀಳಲೇಬೇಕು, ಇನ್ನೊಂದು ದೊಡ್ಡ ಫಿಟ್ಸ್ ಬಂದರೆ ಏನಾಗುತ್ತದೋ ಹೇಳಲಾಗದು ಎಂದರು. "ಟ್ಯೂಬ್ ಮತ್ತೆ ಹಾಕಿಬಿಡಿ ಸಿಸ್ಟರ್. ಒಣಗಿರ್ತಾರೆ, ತಿಂತಾರೆ, ಮಾತ್ರೆ ತಗೊಳ್ತಾರೆ." ಹೆಂಡತಿಯೂ ಅದನ್ನೇ ಕಾಯುತ್ತಿದ್ದರು. ನನ್ನ ಚೀಲದಲ್ಲಿ ಹೊಸ ಟ್ಯೂಬು ಇತ್ತು. ಕೈಗೆ ತೆಗೆದುಕೊಂಡೂ ಆಯಿತು.

ಮಂಚದ ಮೇಲೆ ಯಜಮಾನರು ಫಿಟ್ಸಿನ ಆಯಾಸದಲ್ಲಿ ಅರೆಗಣ್ಣು ಮುಚ್ಚಿದ್ದರು. ಟ್ಯೂಬಿನ ಪೊಟ್ಟಣ ಕಂಡು ಕೈಯನ್ನು ತೊಡೆಗಳ ನಡುವೆ ಅಡ್ಡ ಇಟ್ಟುಕೊಂಡರು. ಟ್ಯೂಬು ಹಾಕಿದರೆ ಪಂಚೆ ಒಣಗುತ್ತದೆ, ಪೂಜೆ ಮಾತ್ರ ಆಗುವುದಿಲ್ಲ. ಪೂಜೆಯಾಗದಿದ್ದರೆ ಈ ಮನುಷ್ಯ ತಿನ್ನುವುದಿಲ್ಲ, ಮಾತ್ರೆಯೂ ಇಳಿಯುವುದಿಲ್ಲ. ಮತ್ತೆ ನೋಡಿದರೆ ಮೊದಲಿದ್ದ ಜಾಗದಲ್ಲೇ ಇರುತ್ತೇವೆ, ಜೊತೆಗೆ ಸೋಂಕು ಬೇರೆ. ಪೊಟ್ಟಣವನ್ನು ಚೀಲಕ್ಕೆ ಹಾಕಿದೆ.

"ನಾಳೆ ಪೂಜೆ ಹೊತ್ತಿಗೆ ಬರ್ತೀನಿ," ಎಂದೆ. "ನೋಡಕ್ಕೆ ಬಿಡ್ತೀರಾ?"

ಹೆಂಡತಿ ಅತ್ತೆಯ ಮುಖ ನೋಡಿದರು. ಅತ್ತೆ, "ನೋಡಾಕೇನು, ಕಣ್ಣಿದ್ದೋರು ನೋಡ್ಲಿ," ಎಂದರು. ಗೂಡಿನಲ್ಲಿಟ್ಟ ಲಿಂಗವನ್ನು ನಾಳೆ ಕೈಗೆ ಕೊಟ್ಟು ಕೂರಿಸುವ ಜವಾಬ್ದಾರಿ ತಮ್ಮದು ಎಂದೂ ಅಂದರು.

ಮಾರನೆಯ ಬೆಳಿಗ್ಗೆ ನಡುಮನೆಯ ಹೊಸಿಲಾಚೆ ಕೂತು ನೋಡಿದೆ. ಎದ್ದ ಕೂಡಲೇ ಒಂದಕ್ಕೆ ಹೋದರು. ಆಮೇಲೆ ಹಂಡೆ ಕಾಯುವವರೆಗೆ ಕೂತರು. ಆ ಹೊತ್ತಿಗೆ ಅಲಾರಾಂ ಹೊಡೆಯಲಿಲ್ಲ, ಅದನ್ನು ಪೂಜೆಗೆ ತೊಂದರೆ ಎಂದು ಹೆಂಡತಿ ಆಫ್ ಮಾಡಿದ್ದರು. ಸ್ನಾನವಾಯಿತು. ಒಂದು ಸಂಗತಿ ನನಗೆ ಬೆರಗಾಯಿತು. ಬಚ್ಚಲಿನ ತನಕ ಹೇಳಿಸಿಕೊಂಡೇ ನಡೆದ ಮನುಷ್ಯ, ಮಿಂದು ಬಂದ ಮೇಲೆ ಯಾರ ಮಾತಿಗೂ ಕಾಯಲಿಲ್ಲ. ವಿಭೂತಿ ನೀರಲ್ಲಿ ನೆನೆಸಿದರು, ಮೂರು ಬೆರಳಲ್ಲಿ ಹಣೆಗೆಳೆದರು, ಮಣೆ ಸರಿಮಾಡಿ ಚಕ್ಕಳಮಕ್ಕಳ ಹಾಕಿ ಕೂತರು. ತಾಯಿ ಗೂಡಿನಿಂದ ಬೆಳ್ಳಿಯ ಕರಡಿಗೆ ತಂದು ಮುಂದಿಟ್ಟರು. ಯಜಮಾನರು ಅದನ್ನು ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ಇಟ್ಟುಕೊಂಡರು. ಬೆಳಗಿನ ಮಾತು ಮಧ್ಯಾಹ್ನಕ್ಕೆ ಮರೆಯುವ ತಲೆಯಲ್ಲಿ ಇದೊಂದು ಚೂರೂ ಅಳಿಸಿರಲಿಲ್ಲ.

ಚೊಂಬಿನ ತಣ್ಣೀರು ಧಾರೆಯಾಗಿ ಅಂಗೈಗೆ ಬಿತ್ತು. ಬೆನ್ನು ನೆಟ್ಟಗಾಯಿತು. ದವಡೆ ಬಿಗಿಯಿತು. ಎದ್ದೇಳಲು ಅವಸರಪಟ್ಟು ಮೊಣಕಾಲೂರಿದರು. ಮಣೆ ಒದ್ದೆಯಾಯಿತು.

ಲಿಂಗವನ್ನು ಕರಡಿಗೆಗೆ ಹಾಕಿ ನನ್ನ ಕಡೆ ನೋಡಿದರು. "ನೋಡುದ್ರಾ?" ಎಂದರು. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು.

ಕಾರಣ ಮಾತ್ರ ಸ್ಪಷ್ಟವಾಗಿತ್ತು. ಕೈಮೇಲೆ ತಣ್ಣೀರು ಬಿದ್ದರೆ, ನೀರಿನ ಸದ್ದು ಕೇಳಿದರೆ ನಮಗೆಲ್ಲರಿಗೂ ಒಂದಕ್ಕೆ ಬಂದಂತಾಗುತ್ತದೆ. ನಮ್ಮ ನೀರುಗಂಟಿ ತಡಿ ಎನ್ನುತ್ತಾನೆ, ಇವರವನು ಅನ್ನುತ್ತಿಲ್ಲ. ಅದು ಶಿವನ ಸಿಟ್ಟಲ್ಲ, ನರದ ದೌರ್ಬಲ್ಯ. ಎದ್ದ ಮೇಲೆ ಪೂಜೆಯವರೆಗೆ ಹೊತ್ತೂ ಬಹಳವಾಗಿ ಮೂತ್ರಕೋಶ ಮತ್ತೆ ತುಂಬಿರುತ್ತಿತ್ತು. ಮತ್ತೆ ಮತ್ತೆ ಮೀಯುವುದರಿಂದ ಮೈ ತಣ್ಣಗಾಗಿ ಒತ್ತರ ಇನ್ನೂ ಹೆಚ್ಚುತ್ತಿತ್ತು.

"ಮಿಂದ ಮೇಲೆ, ಪೂಜೆಗೆ ಕೂರೋ ಮುಂಚೆ, ಇನ್ನೊಂದು ಸಲ ಒಂದಕ್ಕೆ ಹೋಗಿ ಬರಬೇಕು. ಅಷ್ಟೇ," ಎಂದೆ.

ನಾನು ಏನೋ ಹೇಳಬಾರದ್ದು ಹೇಳಿದಂತೆ ಹೆಂಡತಿ ನೋಡಿದರು. "ಅದೆಂಗಾದದು ಸಿಸ್ಟ್ರೇ? ಮಿಂದು ಮಡೀಲಿ ಬಂದೋರು ಪಾಯ್ಖಾನೆಗ ಓಗೂದಾ? ಓದ್ರ ಮತ್ತ ಮೀಬೇಕು."

ಮತ್ತೆ ಮಿಂದರೆ ಮತ್ತೆ ಒತ್ತರ. ಈ ಸುತ್ತಿನಿಂದ ಹೊರಬರುವ ದಾರಿ ನನಗೆ ತಿಳಿಯಲಿಲ್ಲ. ಬೇರೆಯವರ ದೇವರ ವಿಷಯದಲ್ಲಿ ನರ್ಸಿನ ಬಾಯಿ ಎಷ್ಟು ನಡೆದೀತು? ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ಹೆಂಡತಿಯೇ, "ಮಠದ ಅಯ್ನೋರ್ನ ಒಂದ್ ಮಾತ್ ಕೇಳ್ಬುಡಾಣ್ವ ಅತ್ತೆ?" ಎಂದರು.

"ಅಯ್ನೋರ್ನ ಏನ್ ಕೇಳೀಯಮ್ಮಿ? ನನ್ನ ಕೇಳು."

ಮುದುಕಿ ಗೋಡೆ ಹಿಡಿದು ಎದ್ದು ಬಂದು ಮಗನ ಎದುರಿಗೆ ಕೂತರು. ಸೊಸೆಯೂ ನಾನೂ ಇದ್ದೇವೆ ಎಂಬುದನ್ನೇ ಮರೆತಂತೆ ಮಾತಾಡಿದರು.

"ನೋಡು ಮಗಾ. ನಾನು ದೊಡ್ಡೋಳಾದಾಗ ನಮ್ಮವ್ವನ್ನ ಕೇಳ್ದೆ, ಮೂರ್ ದಿನ ಲಿಂಗ್ವ ತೆಗ್ದಿಡ್ಲೇನವ್ವ ಅಂತ. ಕೆನ್ನಗ ಒಂದ್ ಬುಟ್ಳು. ಲಿಂಗ ಕಟ್ಟಿದ್ ಮೈಗ ಸೂತಕ ಎಲ್ಲಿದ್ದದು ಅಂದ್ಳು. ಮುಟ್ಟಾದಾಗ್ಲೂ ಪೂಜೆ ಮಾಡ್ದಿ. ಬಾಣ್ತಿಯಾದಾಗ್ಲೂ ಮಾಡ್ದಿ. ನೀನು ಕೂಸಾಗಿದ್ದಾಗ ನಿನ್ನ ಒಬ್ನೇ ಬುಡಾಕಾಗ್ದೆ ತೊಡೆ ಮ್ಯಾಲೆ ಆಕ್ಕಂಡು ಪೂಜೆಗ ಕೂರ್ತಿದ್ದಿ. ಎಷ್ಟ್ ಸಲ ನೀನು ಉಚ್ಚೆ ಉಯ್ದು ನನ್ ಸೀರೆ ನೆನ್ದದ ಗೊತ್ತಾ ನಿಂಗ? ನಾನ್ ಎದ್ದೋಗ್ಲಿಲ್ಲ ಕಣ್ಲಾ. ಪೂಜೆ ಮುಗುಸ್ಕಂಡೇ ಎದ್ದಿ. ಆವತ್ತು ನಿನ್ನ ಉಚ್ಚೆಯ ಒಪ್ಕಂಡ ಶಿವ ಇವತ್ತು ಒಪ್ಕಳಾಕಿಲ್ವಾ?"

ಯಜಮಾನರು ತಾಯಿಯನ್ನೇ ನೋಡುತ್ತಿದ್ದರು. ಆ ಮಾತು ಒಳಗೆ ಎಲ್ಲಿ ತಲುಪಿತೋ ಏನೋ. "ತೊಡೆ ಮ್ಯಾಲಾ?" ಎಂದರು.

"ಊಂ. ಇದೇ ತೊಡೆ."

ನನಗೆ ಎದ್ದು ಆ ಮುದುಕಿಯನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅಪ್ಪಿಕೊಳ್ಳಲಿಲ್ಲ. ಅವರು ಬಾಗಿಲು ತೆರೆದುಕೊಟ್ಟಿದ್ದರು, ಈಗ ಕೆಲಸ ನನ್ನದು.

ಆ ದಿನವೇ ಕ್ರಮ ಹಾಕಿದೆವು. ಹೊಸದನ್ನು ಕಲಿಸಿದರೆ ಉಳಿಯುವುದಿಲ್ಲ, ಆದ್ದರಿಂದ ಹೊಸದನ್ನು ಹಳೆಯದಕ್ಕೇ ಗಂಟುಹಾಕಬೇಕೆಂದು ತೀರ್ಮಾನಿಸಿದೆ. ಅವರ ಕೈ ಮರೆಯದ ಪೂಜೆಯ ಸಾಲಿನಲ್ಲೇ ನಮ್ಮದನ್ನೂ ಸೇರಿಸಿದೆವು. ಮಿಂದು ಬಂದು ವಿಭೂತಿಗೆ ಕೈ ಹಾಕುವ ಮುಂಚೆ ಹೆಂಡತಿ ತೋಳು ಹಿಡಿದು ಶೌಚಾಲಯಕ್ಕೆ ಕರೆದೊಯ್ಯುವುದು. ಒಮ್ಮೆ ಆದ ಮೇಲೆ ಅವಸರಿಸದೆ ನಿಂತು ಇನ್ನೊಮ್ಮೆ ಪ್ರಯತ್ನಿಸುವುದು, ಉಳಿದದ್ದೂ ಬರಲಿ ಎಂದು. ಕೈಕಾಲು ತೊಳೆದು ಬಂದು ವಿಭೂತಿ. ನೆಲದ ಮಣೆಯ ಬದಲು ಗೋಡೆಗೊರಗಿ ಎತ್ತರದ ಪೀಠ. ಚೊಂಬಿನ ತಣ್ಣೀರಿನ ಬದಲು ಬಟ್ಟಲಿನ ಉಗುರುಬೆಚ್ಚಗಿನ ನೀರು, ಧಾರೆಯಲ್ಲ, ಹೂವಿನಲ್ಲಿ ಅದ್ದಿ ತೊಟ್ಟು ತೊಟ್ಟಾಗಿ.

ಇಷ್ಟಾದರೂ ಒತ್ತರ ಬಂದರೆ? ಅಲ್ಲೇ ಹೆಚ್ಚಿನವರು ಎಡವುವುದು. ಒತ್ತರ ಬಂದಾಗ ಎದ್ದು ಓಡಿದರೆ ತೂಬು ತೆರೆದೇ ಬಿಡುತ್ತದೆ. ಕೂತಲ್ಲೇ ಕೂತು, ಎರಡಕ್ಕೆ ತಡೆಯುವಂತೆ ಕೆಳಗೆ ಬಿಗಿಹಿಡಿದು ಬಿಟ್ಟು, ಬಿಗಿಹಿಡಿದು ಬಿಟ್ಟು ಮಾಡಿದರೆ ಒತ್ತರ ಏರಿ ತಾನಾಗಿ ಇಳಿಯುತ್ತದೆ. ಇದನ್ನು ಈ ತಲೆಗೆ ನೆನಪಿಸುವವರು ಯಾರು? ಪೂಜೆಯಲ್ಲಿ ಅವರ ತುಟಿ ಹೇಗೂ ನಮಃ ಶಿವಾಯ ಎನ್ನುತ್ತಿತ್ತು. ಒಂದೊಂದು ಸಲ ಅಂದಾಗಲೂ ಒಂದು ಬಿಗಿ ಎಂದೆ. ಹೆಂಡತಿ ಹಿಂದೆ ಕೂತು, ನೀರು ಮುಟ್ಟುವ ಹೊತ್ತಿಗೆ ಬೆನ್ನಿಗೆ ಬೆರಳು ತಾಗಿಸಿ ನೆನಪು ಮಾಡುವುದೆಂದಾಯಿತು. ಪೂಜೆ ಇಲ್ಲದ ಹೊತ್ತಿನಲ್ಲೂ ಮಂಚದ ಮೇಲೆ ಕೂರಿಸಿ ಬಿಗಿಹಿಡಿಯುವುದನ್ನು ಅಭ್ಯಾಸ ಮಾಡಿಸಿದೆವು. ತಾಯಿ ಎದುರು ಕೂತು ತಾವೂ ಬಿಗಿಹಿಡಿಯುತ್ತಿದ್ದರು. "ನಂಗೂ ಕೆಮ್ಮುದ್ರ ಒಸಿ ಓಯ್ತದ ಕಣಮ್ಮ," ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕರು.

ಮರುದಿನವೂ ಬೆಳಿಗ್ಗೆಯೇ ಹೋದೆ. ಸ್ನಾನ ಮುಗಿಸಿ ಬಂದವರನ್ನು ಹೆಂಡತಿ ಹಿತ್ತಲಿಗೆ ತಿರುಗಿಸಿದಾಗ ಅವರು ಬಾಗಿಲಲ್ಲಿ ತಡೆದು ನಿಂತರು. ಕಾಲು ಮುಂದೆ ಹೋಗಲಿಲ್ಲ. ಎಷ್ಟೋ ವರ್ಷ ಆ ಹೊತ್ತಿಗೆ ಆ ಕಡೆ ನಡೆಯದ ಕಾಲು. ತಾಯಿ ಒಳಗಿನಿಂದಲೇ, "ಓಗು ಮಗಾ, ನಾನ್ ಯೋಳಿವ್ನಲ್ಲ," ಎಂದು ಕೂಗಿದರು. ಹೋದರು.

ಪೀಠದ ಮೇಲೆ ಕೂತು ವಿಭೂತಿ ಎಳೆದರು. ಲಿಂಗ ಅಂಗೈಗೆ ಬಂತು. ಹೂವನ್ನು ಬಟ್ಟಲಿಗೆ ಅದ್ದಿದರು. ಮೊದಲ ತೊಟ್ಟು ಬಿದ್ದಾಗ ಹೆಂಡತಿ ಬೆರಳು ತಾಗಿಸಿದರು. ತುಟಿ ಅಲುಗತೊಡಗಿತು. ಎರಡನೆಯ ತೊಟ್ಟು, ಮೂರನೆಯದು. ಬೆನ್ನು ನೆಟ್ಟಗಾಯಿತು, ದವಡೆ ಬಿಗಿಯಿತು, ನಿನ್ನೆಯಂತೆಯೇ. ಮೊಣಕಾಲು ಏಳಲು ಅಣಿಯಾಯಿತು.

"ಏಳ್ಬೇಡಿ," ಎಂದೆ. ಹೊಸಿಲಾಚೆ ನಾನೂ ಉಸಿರು ಬಿಗಿಹಿಡಿದಿದ್ದೆ.

ಏಳಲಿಲ್ಲ. ನಮಃ ಶಿವಾಯ ಜೋರಾಯಿತು, ಅವರ ಸ್ವರ ಅಷ್ಟು ಗಟ್ಟಿಯಾಗಿದೆ ಎಂಬುದು ನನಗೆ ಆ ದಿನವೇ ತಿಳಿದದ್ದು. ಹಣೆಯ ಮೇಲೆ ಬೆವರೊಡೆದು ವಿಭೂತಿ ಕರಗಿತು. ಪಂಚೆಯ ಮೇಲೆ ಅಂಗೈಯಗಲದ ಕಲೆಯೊಂದು ಮೂಡಿತು. ಅವರು ಅದನ್ನು ನೋಡಿದರು. ನಾವೆಲ್ಲರೂ ನೋಡಿದೆವು. ಮುದುಕಿ ಮಾತ್ರ ಮಗನ ಮುಖದಿಂದ ಕಣ್ಣು ತೆಗೆಯಲಿಲ್ಲ, ತಮ್ಮ ತೊಡೆಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಕಲೆ ಅಲ್ಲಿಗೇ ನಿಂತಿತು. ಒತ್ತರ ಇಳಿಯಿತು. ಭುಜ ಸಡಿಲವಾಯಿತು. ಯಜಮಾನರು ಪತ್ರೆ ಏರಿಸಿದರು, ಊದುಬತ್ತಿ ಬೆಳಗಿದರು, ತೀರ್ಥ ತೆಗೆದುಕೊಂಡರು. ಲಿಂಗವನ್ನು ಕರಡಿಗೆಗೆ ಇಟ್ಟು ದಾರವನ್ನು ತಲೆಯ ಮೇಲಿಂದ ಕೊರಳಿಗೆ ಹಾಕಿಕೊಂಡರು.

"ಉಣ್ಣಾಕ್ ಇಕ್ಕು," ಎಂದರು ಹೆಂಡತಿಗೆ.

ಹೆಂಡತಿ ಅಡುಗೆಮನೆಗೆ ಓಡಿದ ರಭಸಕ್ಕೆ ತಟ್ಟೆಗಳು ಬಿದ್ದ ಸದ್ದು ಕೇಳಿತು. ಎರಡು ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಾತ್ರೆಯನ್ನು ನಾನೇ ಹಾಳೆಯಿಂದ ಬಿಡಿಸಿ ಅಂಗೈಗೆ ಹಾಕಿದೆ. ಮರುಮಾತಿಲ್ಲದೆ ನುಂಗಿ ಲೋಟದ ತುಂಬ ನೀರು ಕುಡಿದರು.

ಕೆಲವು ದಿನ ಕಲೆ ಮೂಡುತ್ತಿತ್ತು, ಕೆಲವು ದಿನ ಇಲ್ಲ. ಒಂದು ದಿನ ಪೂರ್ತಿ ಒದ್ದೆಯಾಯಿತು, ಆದರೂ ಮುಗಿಸಿಯೇ ಎದ್ದರಂತೆ. ಬೆಳಗಿನ ಮಾತ್ರೆ ತಪ್ಪಲಿಲ್ಲ. ನಾನು ಆ ಮನೆಗೆ ಹೋಗುತ್ತಿದ್ದಷ್ಟು ಕಾಲ ಫಿಟ್ಸು ಮತ್ತೆ ಬರಲಿಲ್ಲ. ಭುಜದ ಮೂಳೆ ಮೆಲ್ಲಗೆ ಮರೆಯಾಯಿತು. ನಾನು ಹೋಗುವುದನ್ನು ವಾರಕ್ಕೊಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ಮಾಡಿದೆ. ಈಗ ಹೊಸ ಮನೆಗೆ ಹೋದರೆ ಕಾಫಿ, ನೀರು, ಮಲದ ಜೊತೆಗೆ ಪೂಜೆ, ನಮಾಜು, ಪ್ರಾರ್ಥನೆ ಯಾವ ಹೊತ್ತಿಗೆ ಎಂದೂ ಕೇಳುತ್ತೇನೆ. ಉಚ್ಚೆ ಸಿಸ್ಟ್ರಿಗೆ ದೇವರ ಚಿಂತೆ ಯಾಕೆ ಎಂದು ಯಳಂದೂರಿನಲ್ಲಿ ಒಬ್ಬರು ನಕ್ಕರು. ನಗಲಿ.

ಕೊನೆಯ ಭೇಟಿಗೆ ಹೋದದ್ದು ಒಂದು ಸಂಜೆ, ಯಳಂದೂರಿನಿಂದ ಬರುವ ದಾರಿಯಲ್ಲಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಹಾಕಿಕೊಂಡು ತಡವಾಗಿತ್ತು. ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವಾಗ ಒಳಗೆ ಫೋನಿನ ಅಲಾರಾಂ ಹೊಡೆಯುತ್ತಿತ್ತು. ಹೆಂಡತಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು, ಮುಖ ಬಿಳಿಚಿತ್ತು.

"ಮಂಚದ್ ಮ್ಯಾಲೆ ಇಲ್ಲ ಸಿಸ್ಟ್ರೇ! ಒಲೆ ತಾವ್ ಓಗಿ ಬರೂದ್ರೊಳಗ ಎಲ್ಲೋದ್ರೋ ಏನೋ!"

ಬೀದಿ ನೋಡಿದೆವು. ಕೊಟ್ಟಿಗೆ ನೋಡಿದೆವು. ರಸ್ತೆಯ ಕಡೆ ಟ್ರ್ಯಾಕ್ಟರಿನ ಸದ್ದು ಕೇಳಿ ನಾನು ಆ ಕಡೆ ಓಡಹೊರಟೆ. ಆಗ ಹಿತ್ತಲಿನಲ್ಲಿ ಬಾಗಿಲಿನ ಕೊಂಡಿ ಸದ್ದಾಯಿತು. ಯಜಮಾನರು ಪಂಚೆ ಸರಿಮಾಡಿಕೊಳ್ಳುತ್ತ ಬಂದರು, ಬರಿಮೈ, ಎದೆಯ ಮೇಲೆ ಕರಡಿಗೆ. ಪಂಚೆ ಒಣಗಿತ್ತು. ನಮ್ಮಿಬ್ಬರನ್ನೂ ನೋಡಿ ಅರ್ಥವಾಗದೆ ನಿಂತರು.

"ಯಾಕ ಅಂಗ್ ನೋಡೀರಿ?" ಎಂದರು. "ಒಂದಕ್ಕ ಓಗಿದ್ದಿ."

ಯಾರೂ ಹೇಳಿರಲಿಲ್ಲ. ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅಳುತ್ತಲೇ ನಗತೊಡಗಿದರು. ಒಳಗೆ ಅಲಾರಾಂ ಇನ್ನೂ ಹೊಡೆಯುತ್ತಿತ್ತು. ನಾನು ಹೋಗಿ ಅದನ್ನು ಆಫ್ ಮಾಡಿದೆ.